ಮೇಳಕ್ಕೆ ಹೋಗುವುದು ಯಾತಕ್ಕೆ?

(ಸಂಘದ ಸರ್ವಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬದ ಈ ಸಂದರ್ಭದಲ್ಲಿ ಸಂಘ ಬೆಳೆದು ಬಂದ ದಾರಿಯನ್ನು ಹೇಳುವವರು ಬೇರೆ ಇದ್ದಾರೆ. ನಮಗೆ ಒಪ್ಪಿಸಿರುವುದು ಮೇಳದ ವಿಷಯ. ನಿರ್ದೇಶಕರು ಚೀಲ ಹೆಗಲಿಗೆ ಹಾಕ್ಕೊಂಡು ಬೆಂಗಳೂರಿಗೆ ಹೋಗ್ತಾರೆ, ಬಸ್ ಚಾರ್ಜು, ಊಟ ಎಲ್ಲಾ ಸಂಘದ್ದು, ಬರುವಾಗ ಏನು ತಂದ್ರು ಅಂತ ನೀವು ಕೇಳ್ತೀರಿ. ಕೇಳಬೇಕಾದ್ದೇ.

ಮೇಳಗಳೆಲ್ಲ ಒಂದೇ ಅಲ್ಲ. ಧಾರವಾಡದ್ದು, ಬೆಂಗಳೂರು ಜಿ.ಕೆ.ವಿ.ಕೆ.ಯದ್ದು ನೋಡಿ ಕಲಿಯುವ ಕೃಷಿಮೇಳ. ಹೊಸ ತಳಿ, ಹೊಸ ಯಂತ್ರ ನೋಡಬಹುದು, ಮನೆಮಂದಿಯೆಲ್ಲ ಹೋಗಿ ಬರಬಹುದು. ಆದರೆ ಕೃಷಿ ಇಲಾಖೆಯವರು 2023, 2024, 2025ರ ಜನವರಿಗಳಲ್ಲಿ ಅರಮನೆ ಮೈದಾನದಲ್ಲಿ ನಡೆಸಿದ ಸಾವಯವ ಮತ್ತು ಸಿರಿಧಾನ್ಯ ವಾಣಿಜ್ಯ ಮೇಳ ಬೇರೆ ತರಹದ್ದು. ಅಲ್ಲಿ ಕೊಳ್ಳುವವರನ್ನೂ ಮಾರುವವರನ್ನೂ ಎದುರುಬದುರು ಕೂರಿಸಿ ಮಾತಾಡಿಸುವ ಏರ್ಪಾಡು ಇರುತ್ತದೆ. ನಾವು ಹೇಳುತ್ತಿರುವುದು ಈ ಜಾತಿಯ ಮೇಳದ ಮಾತು.

ಎದುರು ಕೂತವನಿಗೆ ಪುರುಸೊತ್ತು ಕಡಿಮೆ. ನಮ್ಮ ಊರಿನ ಹಿರಿಮೆ ಅವನಿಗೆ ಬೇಡ. ಎಷ್ಟು ಕ್ವಿಂಟಾಲ್ ಇದೆ, ಯಾವಾಗ ಕೊಡ್ತೀರಿ, ರೇಟು ನಿಮ್ಮ ಗೋಡೌನಿನ ಬಾಗಿಲಿಗೋ ಬೆಂಗಳೂರಿಗೆ ಮುಟ್ಟಿಸಿಯೋ? ಇಷ್ಟೇ ಅವನ ಪ್ರಶ್ನೆ. ಸಾವೆ ಅಂದ ಕೂಡಲೇ ಕಾಳೋ ಅಕ್ಕಿಯೋ ಅಂತಾನೆ. ಇಲ್ಲಿ ಲೆಕ್ಕ ಬಿಗಿಯಾಗಿರಬೇಕು. ಒಂದು ಕ್ವಿಂಟಾಲ್ ಸಾವೆ ಗಿರಣಿಗೆ ಹಾಕಿದರೆ ಒಂದು ಕ್ವಿಂಟಾಲ್ ಅಕ್ಕಿ ಬರೋದಿಲ್ಲ, ಹೊಟ್ಟು, ನುಚ್ಚು ಎಲ್ಲಾ ಹೋಗಿ ಉಳಿಯೋದು ಬೇರೆ. ನಮ್ಮ ಕಾಳು, ನಮ್ಮ ಗಿರಣಿಯಲ್ಲಿ ಎಷ್ಟು ಇಳಿಯುತ್ತೆ ಅನ್ನೋದನ್ನ ಊರಲ್ಲೇ ತೂಕ ಹಾಕಿ ಬರೆದಿಟ್ಟುಕೊಂಡು ಹೋಗಬೇಕು. ಅಲ್ಲಿ ಕೂತು ಅಂದಾಜಿನ ಮೇಲೆ ರೇಟು ಹೇಳಿದರೆ ಹೊಟ್ಟಿನ ನಷ್ಟವೆಲ್ಲ ಸಂಘದ ತಲೆ ಮೇಲೆ. ಗೊತ್ತಾಗದಿದ್ದರೆ "ನಾಡಿದ್ದು ಫೋನ್ ಮಾಡಿ ಹೇಳ್ತೀವಿ" ಅನ್ನಬಹುದು, ಅದರಲ್ಲಿ ಅವಮಾನ ಇಲ್ಲ.

ಮಾದರಿ ಒಯ್ಯುವಾಗ ಆರಿಸಿ ತೂರಿ ಚಿನ್ನದಂಥದ್ದನ್ನೇ ಪೊಟ್ಟಣ ಕಟ್ಟಬಾರದು. ಮಧ್ಯದ ಚೀಲದಿಂದ ತೆಗೆದದ್ದೇ ಇರಲಿ. ಆಮೇಲೆ ಲಾರಿಯಲ್ಲಿ ಹೋಗೋದು ಅದೇ ತಾನೆ?

ನಮ್ಮ ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳಲ್ಲಿ ಇಬ್ಬರನ್ನಾದರೂ ಕರಕೊಂಡು ಹೋಗಬೇಕು. ಸಾವೆ ಅಕ್ಕಿ ಎಷ್ಟು ನೀರು ಹಿಡಿಯುತ್ತೆ, ಬಿಸಿಬೇಳೆ ಭಾತಿಗೆ ಆಗುತ್ತಾ ಅಂತ ಕೇಳಿದರೆ ನಾವು ಗಂಡಸರು ಮುಖ ಮುಖ ನೋಡಬೇಕಾಗುತ್ತೆ. ಇನ್ನೊಂದು, ಪಕ್ಕದ ಮಳಿಗೆಯವರನ್ನ ಪೈಪೋಟಿಗಾರರು ಅಂದ್ಕೊಬೇಡಿ. ಕಲ್ಲು ತೆಗೆಯುವ ಯಂತ್ರ ಎಲ್ಲಿ ಸಿಗುತ್ತೆ, ಯಾವ ವ್ಯಾಪಾರಿ ಹಣ ತಡ ಮಾಡ್ತಾನೆ ಅನ್ನೋದು ಅವರಿಂದಲೇ ತಿಳಿಯೋದು. ನಮ್ಮ ಅಭಿಪ್ರಾಯದಲ್ಲಿ ಎಷ್ಟೋ ಸಲ ಕೊಳ್ಳುವವರಿಗಿಂತ ಇವರ ಪರಿಚಯವೇ ಹೆಚ್ಚು ಬಾಳುತ್ತೆ.

ಸಿಕ್ಕಿದ ಕಾರ್ಡುಗಳನ್ನು ಜೇಬಿಗೆ ತುಂಬಿಕೊಂಡು ಬಂದರೆ ವಾರದಲ್ಲಿ ಯಾರು ಯಾರೋ ಮರೆತೇ ಹೋಗುತ್ತದೆ. ಅವತ್ತು ರಾತ್ರಿಯೇ ಪ್ರತಿಯೊಂದರ ಹಿಂದೆ ಆದ ಮಾತು ಬರೆಯಬೇಕು. ಊರಿಗೆ ಬಂದ ವಾರದೊಳಗೆ ಫೋನು, ವಾಟ್ಸಾಪಿನಲ್ಲಿ ರೇಟು, ಕೇಳಿದವರಿಗೆ ಪಾರ್ಸೆಲ್ಲಿನಲ್ಲಿ ಒಂದು ಕೆ.ಜಿ. ಮಾದರಿ. ಮೇಳದ ಕೆಲಸ ಅರ್ಧ ಮೇಳ ಮುಗಿದ ಮೇಲೇ ಇರೋದು.

ಇನ್ನು ನಿಮ್ಮ ಕಡೆಯ ಮಾತು. ಅಲ್ಲಿ ಒಬ್ಬ ನಿರ್ದೇಶಕ "ಕೊಡ್ತೀವಿ" ಅಂದರೆ ಅದು ನಿಮ್ಮೆಲ್ಲರ ಹೆಸರಿನಲ್ಲಿ ಕೊಟ್ಟ ಮಾತು. ಸುಗ್ಗಿಯಲ್ಲಿ ದಲ್ಲಾಳಿ ಕಣಕ್ಕೇ ಬಂದು ಕ್ವಿಂಟಾಲಿಗೆ ನೂರು ರೂಪಾಯಿ ಜಾಸ್ತಿ, ಕೈಗೆ ನಗದು ಅಂತಾನೆ. ಚೀಲ ಅಲ್ಲೇ ಲಾರಿ ಹತ್ತುತ್ತೆ. ಆಮೇಲೆ ಬೆಂಗಳೂರಿನವನು ಫೋನ್ ಮಾಡಿದರೆ ಸಂಘ ಏನು ಹೇಳಬೇಕು? ಕೊಟ್ಟವರನ್ನ ನಾವು ಬೈಯೋದಿಲ್ಲ. ಗೊಬ್ಬರದ ಬಾಕಿ, ಮಗಳ ಮದುವೆ, ಆಸ್ಪತ್ರೆ ಇದ್ದವರಿಗೆ ನಗದು ನಗದೇ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದು ಸಾಲದ ಅಡಚಣೆಗೆ ಎಲ್ಲರೂ ಒಟ್ಟಾಗಲಿ ಅಂತ. ಮಾರುವುದರಲ್ಲೂ ನಾವು ಒಟ್ಟಾಗದೆ ಆಗುವುದಿಲ್ಲ.

ಆದ್ದರಿಂದ ಸಭೆಯ ಮುಂದೆ ಎರಡು ಸಲಹೆ ಇಡುತ್ತಿದ್ದೇವೆ. ಬೆಳೆಯುವ ಸಾವೆ, ನವಣೆಯಲ್ಲಿ ಅರ್ಧದಷ್ಟನ್ನು ಮಾತ್ರ ಸಂಘಕ್ಕೆ ಬರೆಸಿ, ಉಳಿದದ್ದು ನಿಮ್ಮ ಇಷ್ಟ. ಬರೆಸಿದ್ದನ್ನು ಗೋಡೌನಿಗೆ ಇಳಿಸಿದ ದಿನವೇ ಸಂಘ ಸ್ವಲ್ಪ ಮುಂಗಡ ಕೊಡಲಿ, ಕೊಳ್ಳುವವರ ಹಣ ಬಂದ ಮೇಲೆ ಬಾಕಿ ಚುಕ್ತಾ ಆಗಲಿ. ಮುಂಗಡಕ್ಕೆ ಹಣ ಎಲ್ಲಿಂದ ಅನ್ನುವುದನ್ನು ಆಡಳಿತ ಮಂಡಳಿ ಲೆಕ್ಕ ಹಾಕಿ ನಿಮ್ಮ ಮುಂದೆ ಇಡಬೇಕು, ಅಷ್ಟರ ತನಕ ಯಾರೂ ಕೈ ಎತ್ತುವುದು ಬೇಡ.

ಒಪ್ಪಿಗೆ ಆದರೆ ಕಾರ್ಯದರ್ಶಿಯವರ ಮೇಜಿನ ಮೇಲೆ ರಿಜಿಸ್ಟರ್ ಇರುತ್ತದೆ. ಹೆಸರು, ಎಷ್ಟು ಎಕರೆ, ಎಷ್ಟು ಚೀಲ ಇಷ್ಟು ಬರೆಸಿದರೆ ಸಾಕು. ಮುಂದಿನ ಮೇಳಕ್ಕೆ ಹೋಗುವವರು ಯಾರೇ ಆಗಲಿ, ಆ ಪುಟದ ಜೆರಾಕ್ಸ್ ಹಿಡಿದುಕೊಂಡೇ ಬಸ್ಸು ಹತ್ತುತ್ತಾರೆ.