ನಿಧಾನದ ಗಾಡಿಗೆ ಮೊದಲ ಹಸಿರು ದೀಪ

ಔರಾದ್ ಕಡೆಯ ಒಂದು ಹಳೆಯ ಮಾರುತಿ 800, ಬೀದರ್ ನಗರದ ಒಂದು ಹೊಸ ಟರ್ಬೊ ಸೆಡಾನ್. ಎರಡನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ ಕಾಲು ಮೈಲಿ, ಅಂದರೆ 1,320 ಅಡಿ ನೇರ ದಾರಿಯಲ್ಲಿ ಬಿಟ್ಟರೆ ಯಾರು ಗೆಲ್ಲುತ್ತಾರೆಂದು ತಿಳಿಯಲು ಓಟ ನೋಡಬೇಕಾಗಿಲ್ಲ, ಶೋರೂಮಿನ ಬೆಲೆಪಟ್ಟಿ ನೋಡಿದರೆ ಸಾಕು. ಹಾಗಿದ್ದರೂ ಅಮೆರಿಕದ ಹವ್ಯಾಸಿ ಡ್ರ್ಯಾಗ್ ಪಟ್ಟಿಗಳಲ್ಲಿ, ಅಂದರೆ ಇಂಥ ನೇರ ಓಟದ ಅಂಗಳಗಳಲ್ಲಿ, ಅರ್ಧ ಶತಮಾನದಿಂದ ಇಂಥ ಅಜಗಜಾಂತರದ ಜೋಡಿಗಳೇ ಎದುರುಬದುರಾಗುತ್ತಿವೆ. ನಿಧಾನದ ಗಾಡಿ ಗೆದ್ದರೆ ಅಲ್ಲಿ ಯಾರೂ ಬೆರಗಾಗುವುದಿಲ್ಲ. ಏಕೆಂದರೆ ಅದಕ್ಕೆ ಹಸಿರು ದೀಪ ಮೊದಲು ಹತ್ತುತ್ತದೆ. ವೇಗದ ಗಾಡಿ ತನ್ನ ಸರದಿ ಬರುವತನಕ ನಿಂತಲ್ಲೇ ಗುರುಗುಟ್ಟಿ, ಆಮೇಲೆ ಬೆನ್ನಟ್ಟುತ್ತದೆ. ಇದನ್ನು ಬಡ ಗಾಡಿಗೆ ಕೊಟ್ಟ ರಿಯಾಯಿತಿ ಎಂದು ನಗುವವರಿದ್ದಾರೆ. ನನ್ನ ವಾದ ಅದಕ್ಕೆ ವಿರುದ್ಧ. ನೇರ ದಾರಿಯ ಓಟದಲ್ಲಿ ಗಾಡಿಯ ಬೆಲೆಯನ್ನು ಪಕ್ಕಕ್ಕಿಟ್ಟು ಚಾಲಕನನ್ನು ಅಳೆಯುವ ಪದ್ಧತಿಗಳಲ್ಲಿ ಇದರಷ್ಟು ಕಠಿಣವಾದದ್ದು ಇನ್ನೊಂದಿಲ್ಲ. ಬೀದರ್, ಭಾಲ್ಕಿ, ಔರಾದಿನಂಥ ಊರುಗಳು ಎಂದಾದರೂ ಗೆರೆ ಎಳೆದು ಗಾಡಿ ಓಡಿಸುವುದಾದರೆ ಶುರು ಮಾಡಬೇಕಾದದ್ದೂ ಇದರಿಂದಲೇ.

ಕತೆ ಹುಟ್ಟಿದ್ದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. 1930ರ ದಶಕದಲ್ಲಿ ಅಲ್ಲಿನ ಹುಡುಗರು ಹಳೆಯ ಫೋರ್ಡ್ ಕಾರುಗಳ ಮಡ್‌ಗಾರ್ಡ್ ಕಿತ್ತು, ಎಂಜಿನ್ ತಿದ್ದಿ, ಮ್ಯುರಾಕ್‌ನಂಥ ಬತ್ತಿದ ಕೆರೆಯಂಗಳಗಳಲ್ಲಿ ವೇಗ ನೋಡುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಚಟ ಊರೊಳಗಿನ ಬೀದಿಗೂ ಇಳಿಯಿತು, ಅಪಘಾತಗಳೂ ಜೊತೆಗೆ ಬಂದವು. 1950ರಲ್ಲಿ ಸಿ.ಜೆ. ಹಾರ್ಟ್ ಮತ್ತು ಸಂಗಡಿಗರು ಸಾಂಟಾ ಆನಾ ವಿಮಾನ ನಿಲ್ದಾಣದ ರನ್‌ವೇಯಲ್ಲಿ ಟಿಕೆಟ್ ಇಟ್ಟು ಓಟ ನಡೆಸತೊಡಗಿದರು. ಮರುವರ್ಷ ವಾಲಿ ಪಾರ್ಕ್ಸ್ ನೇತೃತ್ವದಲ್ಲಿ ಎನ್‌ಎಚ್‌ಆರ್‌ಎ ಎಂಬ ರಾಷ್ಟ್ರೀಯ ಸಂಘ ಹುಟ್ಟಿತು. 1955ರಲ್ಲಿ ಕ್ಯಾನ್ಸಸ್ ರಾಜ್ಯದ ಗ್ರೇಟ್ ಬೆಂಡ್‌ನಲ್ಲಿ ಅದರ ಮೊದಲ ರಾಷ್ಟ್ರಮಟ್ಟದ ಓಟ ನಡೆಯಿತು, ಅದೂ ವಿಮಾನ ಇಳಿಯುತ್ತಿದ್ದ ಜಾಗದಲ್ಲೇ. ಯುದ್ಧ ಬಿಟ್ಟುಹೋದ ಕಾಂಕ್ರೀಟು ಆಟದ ಅಂಗಳವಾದದ್ದು ಅಮೆರಿಕದಲ್ಲಿ ಮಾತ್ರವಲ್ಲ. ಚೆನ್ನೈ ಬಳಿಯ ಶೋಲಾವರಂನ ಯುದ್ಧಕಾಲದ ರನ್‌ವೇ ದಶಕಗಳ ಕಾಲ ಭಾರತದ ಮೋಟಾರು ರೇಸಿಂಗ್‌ನ ತವರಾಗಿತ್ತು. ಬೀದರ್‌ನ ವಾಯುನೆಲೆಯೂ ಎರಡನೇ ಮಹಾಯುದ್ಧದ ಕಾಲದ್ದೇ, ಆದರೆ ಅಲ್ಲಿ ಇಂದಿಗೂ ಪೈಲಟ್‌ಗಳ ತರಬೇತಿ ನಡೆಯುತ್ತಿದೆ. ಹಾಗಾಗಿ ಆ ರನ್‌ವೇ ಕಡೆ ಆಸೆಗಣ್ಣು ಹಾಯಿಸುವುದು ಬೇಡ.

ಸಂಘ ಕಟ್ಟಿದ್ದಾಯಿತು, ರನ್‌ವೇ ಸಿಕ್ಕಿದ್ದಾಯಿತು. ಆಗ ಎದುರಾದ ತೊಡಕು ಒಂದು ಗಾಡಿಯಂತೆ ಇನ್ನೊಂದಿಲ್ಲ ಎಂಬುದು. ಮೊದಲು ಹುಡುಕಿದ ಪರಿಹಾರ ವರ್ಗೀಕರಣ. ತೂಕ ಇಷ್ಟು, ಎಂಜಿನ್ ಇಷ್ಟು, ನೀನು ಈ ವರ್ಗ, ಅವನು ಆ ವರ್ಗ. ಆದರೆ ವರ್ಗ ಹೆಚ್ಚಿದಷ್ಟೂ ಒಂದೊಂದರಲ್ಲಿ ಉಳಿಯುವ ಗಾಡಿಗಳು ಕಡಿಮೆ, ಮತ್ತು ಪ್ರತಿ ವರ್ಗದೊಳಗೂ ಗೆಲ್ಲುವುದು ಹೆಚ್ಚು ಖರ್ಚು ಮಾಡಿದವನೇ. ದಿನದ ಕೊನೆಗೆ ಬೇರೆ ಬೇರೆ ವರ್ಗಗಳ ವಿಜೇತರನ್ನು ಎದುರುಬದುರು ಓಡಿಸಿ ಒಬ್ಬನನ್ನು ಆರಿಸಬೇಕೆಂದರೆ ನಿಧಾನದ ಗಾಡಿಯನ್ನು ಕೆಲವು ಕಾರುಗಳ ಉದ್ದದಷ್ಟು ಮುಂದೆ ನಿಲ್ಲಿಸುತ್ತಿದ್ದರು. ಎಷ್ಟು ಮುಂದೆ ಎನ್ನುವುದು ಕಣ್ಣಳತೆ. ಓಟ ಬಿಡುತ್ತಿದ್ದವನು ಬಾವುಟ ಹಿಡಿದ ಮನುಷ್ಯ. ಜಗಳಕ್ಕೆ ಇನ್ನೇನು ಬೇಕು? 1963ರಲ್ಲಿ ಎನ್‌ಎಚ್‌ಆರ್‌ಎ ಬಾವುಟದ ಜಾಗದಲ್ಲಿ ದೀಪದ ಕಂಬ ನೆಟ್ಟಿತು. ಮೇಲಿಂದ ಕೆಳಗೆ ಹಳದಿ, ಹಸಿರು, ಕೆಂಪು ದೀಪಗಳ ಸಾಲು ಇದ್ದದ್ದರಿಂದ ಅದಕ್ಕೆ ಕ್ರಿಸ್‌ಮಸ್ ಟ್ರೀ ಎಂಬ ಹೆಸರೇ ನಿಂತಿತು. ಎರಡು ಸಾಲಿನ ದೀಪಗಳನ್ನು ಬೇರೆ ಬೇರೆ ಕ್ಷಣಕ್ಕೆ ಹತ್ತಿಸಬಹುದಾಗಿತ್ತು. ಇಬ್ಬರೂ ಒಂದೇ ಗೆರೆಯಿಂದ ಹೊರಡುವುದು, ಅಂತರವನ್ನು ಅಡಿಯ ಬದಲು ಸೆಕೆಂಡಿನಲ್ಲಿ ಕೊಡುವುದು ಅಲ್ಲಿಂದ ಸಾಧ್ಯವಾಯಿತು.

ಆದರೂ ಅಂತರ ಎಷ್ಟಿರಬೇಕೆಂದು ಹೇಳುವವರು ಯಾರು? ಆರಂಭದಲ್ಲಿ ಆಯಾ ವರ್ಗದ ದಾಖಲೆ ಸಮಯವೇ ಆಧಾರವಾಗಿತ್ತು, ಅಂದರೆ ದಾಖಲೆಯ ಹತ್ತಿರ ಓಡಬಲ್ಲ ಹಣವಂತನಿಗೇ ಮತ್ತೆ ಅನುಕೂಲ. 1970ರ ದಶಕದಲ್ಲಿ ಬ್ರ್ಯಾಕೆಟ್ ರೇಸಿಂಗ್ ಎಂಬ ಹೆಸರಿನಲ್ಲಿ ಹಬ್ಬಿದ ಪದ್ಧತಿ ಈ ಗಂಟನ್ನು ಬಿಡಿಸಿತು. ನನ್ನ ಲೆಕ್ಕದಲ್ಲಿ ಡ್ರ್ಯಾಗ್ ರೇಸಿಂಗ್ ಇತಿಹಾಸದ ಅತ್ಯಂತ ಜಾಣ ಉಪಾಯ ಇದು, ಯಾವ ಎಂಜಿನ್‌ಗಿಂತಲೂ ದೊಡ್ಡದು. ಚಾಲಕ ತನ್ನ ಗಾಡಿ ಕಾಲು ಮೈಲಿಯನ್ನು ಎಷ್ಟು ಸೆಕೆಂಡಿನಲ್ಲಿ ಮುಗಿಸುತ್ತದೆ ಎಂದು ತಾನೇ ಹೇಳಿ, ಆ ಅಂಕಿಯನ್ನು ಗಾಡಿಯ ಗಾಜಿನ ಮೇಲೆ ಬರೆಯಬೇಕು. ಇದು ಡಯಲ್-ಇನ್. ಇಬ್ಬರ ಡಯಲ್-ಇನ್‌ಗಳ ವ್ಯತ್ಯಾಸವೇ ನಿಧಾನದವನಿಗೆ ಸಿಗುವ ಮುಂಗಡ. ಹೇಳಿದ್ದಕ್ಕಿಂತ ಬೇಗ ಓಡಿದರೆ ಅದು ಬ್ರೇಕ್‌ಔಟ್, ಅಂದರೆ ಸೋಲು. ಇಬ್ಬರೂ ಹಾಗೆ ಮಾಡಿದರೆ ತನ್ನ ಮಾತನ್ನು ಕಡಿಮೆ ಮೀರಿದವನು ಗೆದ್ದಂತೆ.

ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಮಾರುತಿಯ ಗಾಜಿನ ಮೇಲೆ 20.50, ಸೆಡಾನಿನ ಮೇಲೆ 14.00. ಮಾರುತಿಗೆ ಹಸಿರು 6.50 ಸೆಕೆಂಡ್ ಮೊದಲು ಹತ್ತುತ್ತದೆ. ಅದರ ಚಾಲಕ ಹಸಿರು ಕಂಡು 0.20 ಸೆಕೆಂಡಿಗೆ ಗೆರೆ ಬಿಟ್ಟು, 20.55 ಸೆಕೆಂಡ್ ಓಡಿ, ತನ್ನ ಹಸಿರಿನಿಂದ 20.75ನೇ ಸೆಕೆಂಡಿಗೆ ಕೊನೆ ಮುಟ್ಟುತ್ತಾನೆ. ಸೆಡಾನಿನವನ ಓಟ ಇನ್ನೂ ಕರಾರುವಾಕ್ಕು, 14.02. ಆದರೆ ಅವನು ಗೆರೆ ಬಿಡಲು 0.35 ತೆಗೆದುಕೊಂಡ. ಕಾದ 6.50 ಸೇರಿಸಿದರೆ 20.87. ಮಾರುತಿ 0.12 ಸೆಕೆಂಡ್ ಮುಂದೆ. ಇಲ್ಲಿ ಸೆಡಾನಿನ ಎಂಜಿನ್ ಏನೂ ತಪ್ಪು ಮಾಡಲಿಲ್ಲ, ಸೋತದ್ದು ಅದರ ಚಾಲಕನ ಕಾಲು. ಬೆಲೆಪಟ್ಟಿಯಲ್ಲಿದ್ದ ಆರೂವರೆ ಸೆಕೆಂಡನ್ನು ಮೊದಲೇ ಕಳೆದುಬಿಟ್ಟದ್ದರಿಂದ, ಇಬ್ಬರು ಮನುಷ್ಯರ ನಡುವಿನ ಸೆಕೆಂಡಿನ ಒಂದು ಸಣ್ಣ ಚೂರು ಕಣ್ಣಿಗೆ ಬಿತ್ತು.

ಈ ಯೋಚನೆ ನಮ್ಮ ಸೀಮೆಗೆ ಹೊಸದೇ? ಬೀದರ್ ಜಿಲ್ಲೆಯ ಹೆಮ್ಮೆಯ ದನ ದೇವಣಿ. ಭಾಲ್ಕಿ, ಔರಾದ್ ತಾಲ್ಲೂಕುಗಳಿಂದ ಗಡಿಯಾಚೆಯ ಲಾತೂರ್, ನಾಂದೇಡ್ ತನಕ ಅದರ ನೆಲ. ಹಾಲಿಗೂ ಸೈ, ಭಾರ ಎಳೆಯಲೂ ಸೈ, ಆದರೆ ಓಟಕ್ಕೆ ಹುಟ್ಟಿದ್ದಲ್ಲ. ಓಟ ಎಂದರೆ ವಿಜಯಪುರ, ಸೊಲ್ಲಾಪುರ ಕಡೆಯ ಖಿಲಾರಿ. ಎರಡನ್ನೂ ಸರಿಸಮಾನವಾಗಿ ಬಿಡುವ ಶರ್ಯತ್ತಿನಲ್ಲಿ ಗೆಲ್ಲಬೇಕಾದವನು ಖಿಲಾರಿ ಕೊಳ್ಳುತ್ತಾನೆ, ದೇವಣಿ ಸಾಕಿದವನು ಚಪ್ಪಾಳೆ ತಟ್ಟುತ್ತಾನೆ. ಹಾಗೆಂದು ನಮ್ಮವರು ಅಸಮಾನತೆಯನ್ನು ಗಮನಿಸದೆ ಬಿಟ್ಟವರಲ್ಲ. ಕಲ್ಯಾಣ ಕರ್ನಾಟಕದಲ್ಲಿ ಭಾರದ ಕಲ್ಲು ಎಳೆಸುವಾಗ ಎತ್ತುಗಳನ್ನು ಹಲ್ಲು ನೋಡಿ ವಿಂಗಡಿಸುವ ರೂಢಿ ಇದೆ; ಎರಡು ಹಲ್ಲಿನದು ಆರು ಹಲ್ಲಿನದರ ಜೊತೆ ಸೆಣಸಬೇಕಾಗಿಲ್ಲ. ಕರಾವಳಿಯ ಕಂಬಳದಲ್ಲಿ ಹಿರಿಯ, ಕಿರಿಯ ಎಂಬ ವಿಭಾಗಗಳಿವೆ. ಬೆಂಗಳೂರಿನ ಟರ್ಫ್ ಕ್ಲಬ್ಬು ಇನ್ನೊಂದು ಹೆಜ್ಜೆ ಮುಂದೆ: ಅಲ್ಲಿನ ಹ್ಯಾಂಡಿಕ್ಯಾಪ್ ಓಟಗಳಲ್ಲಿ ಹಿಂದಿನ ಸಾಧನೆ ನೋಡಿ ಚೆನ್ನಾಗಿ ಓಡಬಲ್ಲ ಕುದುರೆಗೆ ಹೆಚ್ಚು ತೂಕ ಹೊರಿಸುತ್ತಾರೆ. ಆದರೆ ಈ ಎಲ್ಲ ಪದ್ಧತಿಗಳಲ್ಲೂ ಅಂತರ ನಿರ್ಧರಿಸುವವರು ಹೊರಗಿನವರು, ಪಂಚರು ಅಥವಾ ಕ್ಲಬ್ಬಿನ ಅಧಿಕಾರಿ. ಡಯಲ್-ಇನ್ ಆ ಅಧಿಕಾರವನ್ನು ಸ್ಪರ್ಧಿಯ ಕೈಗೇ ಕೊಟ್ಟು, ನಿನ್ನ ಮಾತಿಗೆ ನೀನೇ ಜಾಮೀನು ಎನ್ನುತ್ತದೆ.

ಇದಕ್ಕೆ ಬರುವ ದೊಡ್ಡ ಆಕ್ಷೇಪ ಸರಳವಾದದ್ದು: ರೇಸ್ ಎಂದರೆ ಯಾರು ವೇಗ ಎಂಬ ಪ್ರಶ್ನೆ, ಬೇಗ ಓಡಿದ್ದಕ್ಕೆ ಸೋಲು ಕೊಡುವ ಆಟ ರೇಸ್ ಹೇಗಾದೀತು? ಮಾತಿನಲ್ಲಿ ಬಲವಿದೆ. ಕೋಟಿಗಟ್ಟಲೆ ಸುರಿದು ಯಂತ್ರದ ಮಿತಿ ಹುಡುಕುವ ಓಟಕ್ಕೆ ಬೇರೆ ಮರ್ಯಾದೆಯಿದೆ, ಅದು ಇರಲಿ. ಆದರೆ ಹವ್ಯಾಸಿಗಳ ನೇರ ಓಟದಲ್ಲಿ ಯಾರು ವೇಗ ಎಂಬ ಪ್ರಶ್ನೆಗೆ ಉತ್ತರ ಗೆರೆಗೆ ಬರುವ ಮೊದಲೇ ಗೊತ್ತಿರುತ್ತದೆ. ಗೊತ್ತಿರುವ ಉತ್ತರವನ್ನು ಮತ್ತೆ ಕೇಳಲು ಪೆಟ್ರೋಲ್ ಸುಡುವುದೇಕೆ? ಅಲ್ಲದೆ ನಿಗದಿತ ಸಮಯಕ್ಕೆ ಹತ್ತಿರವಾಗಿ ಓಡಿಸುವುದನ್ನು ಭಾರತದ ಮೋಟಾರು ಕ್ರೀಡೆ ಎಂದೋ ಒಪ್ಪಿದೆ. ಸಮಯ, ವೇಗ, ದೂರದ ಲೆಕ್ಕ ಹಾಕಿ ಓಡಿಸುವ ಟಿಎಸ್‌ಡಿ ರ್‍ಯಾಲಿಗಳಲ್ಲಿ ಬೇಗ ಬಂದವನಿಗೂ ತಡವಾಗಿ ಬಂದವನಿಗೂ ದಂಡ ಬೀಳುತ್ತದೆ, ಅದನ್ನು ಯಾರೂ ಸೋಮಾರಿಗಳ ಆಟ ಎನ್ನುವುದಿಲ್ಲ.

ಎರಡನೆಯದು ಮೋಸದ ಮಾತು. 18 ಸೆಕೆಂಡಿಗೆ ಓಡಬಲ್ಲವನು ಗಾಜಿನ ಮೇಲೆ 19 ಎಂದು ಬರೆದು, ಕೊನೆಯ ಹಂತದಲ್ಲಿ ಬ್ರೇಕ್ ಒತ್ತಿದರೆ? ಇದು ನಡೆಯುತ್ತದೆ, ಅಮೆರಿಕದಲ್ಲೂ ಇದರ ಬಗ್ಗೆ ಗೊಣಗಾಟ ನಿಂತಿಲ್ಲ. ಆದರೆ ಲೆಕ್ಕ ಹಾಕಿ ನೋಡಿ: ಸುಳ್ಳು ಅಂಕಿ ಬರೆದವನು ಕೊನೆಯ ಗೆರೆಯ ಹತ್ತಿರ ಎದುರಾಳಿಗಿಂತ ಕೂದಲೆಳೆ ಮುಂದೆ ಇರುವಂತೆ, ತನ್ನ ಅಂಕಿಯನ್ನೂ ಮೀರದಂತೆ, ಭರ್ರೆಂದು ಹೋಗುತ್ತಲೇ ಬ್ರೇಕ್ ಹದ ಮಾಡಬೇಕು. ಬೆನ್ನಟ್ಟಿ ಬರುವ ವೇಗದ ಚಾಲಕನಿಗೆ ಎದುರಾಳಿ ಕಣ್ಣೆದುರೇ ಇರುತ್ತಾನೆ, ಮುಂದೆ ಓಡುವ ನಿಧಾನದವನು ಕುತ್ತಿಗೆ ಹೊರಳಿಸಿ ಇಲ್ಲವೇ ಕನ್ನಡಿಯಲ್ಲಿ ನೋಡಿ ಅಂದಾಜು ಮಾಡಬೇಕು. ಸುಳ್ಳಿಗೆ ಅಗತ್ಯವಾದ ಕೌಶಲ ಸತ್ಯಕ್ಕೆ ಬೇಕಾದದ್ದಕ್ಕಿಂತ ಕಡಿಮೆಯೇನಲ್ಲ. ಹಾಗೆ ನೋಡಿದರೆ ಈ ಪದ್ಧತಿಯಲ್ಲಿ ಅನ್ಯಾಯ ಉಳಿದಿದ್ದರೆ ಅದು ನಿಧಾನದವನಿಗೇ. ಮೊದಲು ಹೊರಡುವವನು ಅವನು. ಹಸಿರಿಗೆ ಮುನ್ನ ಅವನ ಗಾಲಿ ಅಲುಗಿ ಕೆಂಪು ಬಿದ್ದರೆ ಹಳೆಯ ನಿಯಮದಂತೆ ಓಟ ಅಲ್ಲಿಗೇ ಮುಗಿಯುತ್ತಿತ್ತು, ಎದುರಾಳಿ ಆಮೇಲೆ ಅದಕ್ಕಿಂತ ದೊಡ್ಡ ತಪ್ಪು ಮಾಡಿದರೂ ಕೇಳುವವರಿರಲಿಲ್ಲ. ಇಬ್ಬರ ತಪ್ಪನ್ನೂ ತೂಗಿ ಹೆಚ್ಚು ತಪ್ಪಿದವನನ್ನು ಸೋಲಿಸುವ ಯಂತ್ರಗಳು ಬಂದದ್ದು ಇತ್ತೀಚೆಗೆ.

ಮೂರನೆಯದು ನನಗೆ ಹೆಚ್ಚು ಗಂಭೀರವೆನಿಸುವ ಆಕ್ಷೇಪ. ಹಣವನ್ನು ಮುಂಬಾಗಿಲಿಂದ ಕಳಿಸಿದರೆ ಅದು ಹಿತ್ತಿಲಿಂದ ಬರುತ್ತದೆ. ಬ್ರ್ಯಾಕೆಟ್ ರೇಸಿಂಗ್‌ನಲ್ಲೂ ಬಂತು, ಡಿಲೇ ಬಾಕ್ಸ್ ರೂಪದಲ್ಲಿ. ಮೊದಲ ಹಳದಿ ದೀಪ ಕಂಡ ಕೂಡಲೇ ಚಾಲಕ ಗುಂಡಿ ಬಿಟ್ಟರೆ ಸಾಕು, ಉಳಿದ ಕ್ಷಣಗಳನ್ನು ಪೆಟ್ಟಿಗೆ ಎಣಿಸಿ ಗಾಡಿಯನ್ನು ಹೊರಡಿಸುತ್ತದೆ. ಇದನ್ನು ಅಲ್ಲಗಳೆಯಲಾಗದು. ಆದರೆ ಅಮೆರಿಕದವರು ಪದ್ಧತಿಯನ್ನು ಕೈಬಿಡದೆ, ಎಲೆಕ್ಟ್ರಾನಿಕ್ ಸಾಧನ ನಿಷಿದ್ಧವಾದ ಪ್ರತ್ಯೇಕ ವಿಭಾಗ ಮಾಡಿಕೊಂಡರು. ಹೊಸದಾಗಿ ಆರಂಭಿಸುವ ಊರಿಗೆ ಈ ಪೆಟ್ಟಿಗೆಯನ್ನು ಮೊದಲ ದಿನವೇ ಬಾಗಿಲಾಚೆ ಇಡುವ ಅನುಕೂಲವಿದೆ.

ಭಾರತದಲ್ಲಿ ಡ್ರ್ಯಾಗ್ ರೇಸಿಂಗ್ ಇಲ್ಲವೆಂದಲ್ಲ. ದೇಶದ ಮೋಟಾರು ಕ್ರೀಡೆಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಮಾನ್ಯತೆಯಡಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯುತ್ತದೆ, ಮುಖ್ಯವಾಗಿ ಎಂಜಿನ್ ಸಿಸಿ ಆಧರಿಸಿದ ವರ್ಗಗಳಲ್ಲಿ. ಅಂದರೆ ಅಮೆರಿಕದವರು ಮೊದಲು ನಿಂತಿದ್ದ ಮೆಟ್ಟಿಲಲ್ಲೇ ನಾವಿನ್ನೂ ನಿಂತಿದ್ದೇವೆ. ದೊಡ್ಡ ನಗರಗಳಲ್ಲಿ ಟ್ಯೂನಿಂಗ್ ಗ್ಯಾರೇಜುಗಳಿವೆ, ಪ್ರಾಯೋಜಕರಿದ್ದಾರೆ, ಹೇಗೋ ನಡೆಯುತ್ತದೆ. ಭಾಲ್ಕಿಯ ಹುಡುಗನ ಹತ್ತಿರ ಇರುವುದು ಅಪ್ಪನ 100 ಸಿಸಿ ಬೈಕು. ಅವನು ವರ್ಗ ಪದ್ಧತಿಯ ಓಟಕ್ಕೆ ಹೋದರೆ ಮೊದಲ ಸುತ್ತಿಗೇ ಮನೆ ಸೇರುತ್ತಾನೆ. ಹೋಗದಿದ್ದರೆ ಉಳಿಯುವುದು ರಾತ್ರಿಯ ಹೆದ್ದಾರಿ. ಅಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬರುತ್ತದೆ, ಹಿಂದಿನ ದೀಪವಿಲ್ಲದ ಬಂಡಿ ಇರುತ್ತದೆ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದ ರೇಸ್‌ಗೆ, 2019ರ ತಿದ್ದುಪಡಿಯ ನಂತರ, ಮೊದಲ ಸಲ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಹೇಳುತ್ತದೆ. ಕಾನೂನು ಬೇಕು, ಆದರೆ ಸಾಂಟಾ ಆನಾದ ಪಾಠ ಪೊಲೀಸರಿಂದಷ್ಟೇ ಬೀದಿ ಓಟ ನಿಲ್ಲದು ಎಂಬುದು. ಬೀದಿ ಬಿಟ್ಟು ಬಾ ಎನ್ನುವವರು ಎಲ್ಲಿಗೆ ಬರಬೇಕೆಂದೂ ಹೇಳಬೇಕಾಗುತ್ತದೆ.

ಬೀದರ್‌ನ ಹವೆ ಕೂಡ ಈ ಆಟಕ್ಕೆ ಹೇಳಿಮಾಡಿಸಿದಂತಿದೆ, ಸ್ವಲ್ಪ ತಮಾಷೆಯ ಅರ್ಥದಲ್ಲಿ. ಸಮುದ್ರಮಟ್ಟದಿಂದ 2,000 ಅಡಿಗೂ ಎತ್ತರದ ಕೆಂಪು ಜಂಬಿಟ್ಟಿಗೆಯ ದಿಬ್ಬ, ಚಳಿಗಾಲದ ಬೆಳಗ್ಗೆ ರಾಜ್ಯದಲ್ಲೇ ಅತಿ ತಣ್ಣನೆಯ ಊರುಗಳಲ್ಲೊಂದು, ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ. ತಣ್ಣನೆಯ ಗಾಳಿ ಸಾಂದ್ರ, ಎಂಜಿನ್ ಗೆಲುವಾಗಿ ಉಸಿರಾಡುತ್ತದೆ. ಬಿಸಿಗಾಳಿಯಲ್ಲಿ ಅದೇ ಎಂಜಿನ್ ಬಳಲುತ್ತದೆ. ಬೆಳಗಿನ ಅಂಕಿಯನ್ನೇ ನಂಬಿ ಮಧ್ಯಾಹ್ನ ಓಡಿದವನು ಸೋತ ಹಾಗೆಯೇ. ಸಮಯ ನೂರಕ್ಕೆ ಒಂದರಷ್ಟು ಬದಲಾದರೆ 10 ಸೆಕೆಂಡಿನ ಕಾರಿಗೆ 0.10, 20 ಸೆಕೆಂಡಿನ ಮಾರುತಿಗೆ 0.20. ನಿಧಾನದ ಗಾಡಿಯವನು ಹವಾಮಾನವನ್ನು ಇಮ್ಮಡಿ ಎಚ್ಚರದಿಂದ ಓದಬೇಕು. ಅವನಿಗೆ ರಿಯಾಯಿತಿ ಸಿಕ್ಕಿತೆಂದು ನಗುವವರು ಈ ಲೆಕ್ಕವನ್ನೊಮ್ಮೆ ನೋಡಲಿ.

ಪೂರ್ತಿ ಕಾಲು ಮೈಲಿಯೂ ಬೇಕಾಗಿಲ್ಲ. ಅಮೆರಿಕದ ಎಷ್ಟೋ ಸಣ್ಣ ಊರುಗಳ ಪಟ್ಟಿಗಳು ಇರುವುದೇ 660 ಅಡಿ. ನಿಲ್ಲಲು ಸಾಕಷ್ಟು ಜಾಗ ಮಾತ್ರ ಅದರಾಚೆ ಇರಲೇಬೇಕು. ದೀಪದ ಕಂಬ, ಬೆಳಕಿನ ಕಿರಣ ಕಡಿದಾಗ ಸಮಯ ಹಿಡಿಯುವ ಸೆನ್ಸರು, ಲೆಕ್ಕ ಮಾಡುವ ಒಂದು ಸಣ್ಣ ಬೋರ್ಡು, ಇವಿಷ್ಟನ್ನು ಕಟ್ಟುವ ವಿದ್ಯೆ ಬೀದರ್‌ನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜಿನಲ್ಲೂ ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ವಿದ್ಯಾಲಯದಲ್ಲೂ ಕಲಿಸುವ ಪಠ್ಯದೊಳಗೇ ಇದೆ. ಮುಚ್ಚಿದ ಆವರಣ, ಹೆಲ್ಮೆಟ್, ಆಂಬುಲೆನ್ಸ್, ಎಫ್‌ಎಂಎಸ್‌ಸಿಐ ನಿಯಮದಂತೆ ಪರವಾನಗಿ, ಇವು ಯಾವುವೂ ಇಲ್ಲದೆ ಒಂದು ಗಾಲಿಯೂ ಉರುಳಬಾರದು. ವಿದ್ಯಾರ್ಥಿಗಳಿಗೆ ನನ್ನ ವಿನಂತಿ ಇಷ್ಟೇ: ಈ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಆ ದೀಪದ ಕಂಬವನ್ನು ಕಟ್ಟಿ, ಮೊದಲು ಕಾಲೇಜು ಅಂಗಳದಲ್ಲಿ ಎರಡು ಸೈಕಲ್‌ಗಳಿಗೆ ಡಯಲ್-ಇನ್ ಬರೆಸಿ ಪರೀಕ್ಷಿಸಿ, ಆಮೇಲೆ ಅದನ್ನು ಜಿಲ್ಲಾಧಿಕಾರಿಗಳ ಮುಂದೆ ಇಟ್ಟು ಮುಚ್ಚಿದ ಜಾಗವೊಂದನ್ನು ಕೇಳಿ.