ಸಾಲದ ಲೆಕ್ಕದಲ್ಲಿ ಮಕ್ಕಳನ್ನೂ ಬರೆಯಿರಿ

(ಅರಸೀಕೆರೆ ತಾಲ್ಲೂಕಿನ ಮಾಲೇಕಲ್ಲಿನಲ್ಲಿ ರೈತರ ಮುಂದೆ ಆಡಿದ ಮಾತುಗಳ ಬರಹರೂಪ)



ಬೆಲೆ, ಬಡ್ಡಿ, ಕರೆಂಟಿನ ವಿಚಾರದಲ್ಲಿ ನಿಮಗೆ ನಾನು ಹೇಳಿಕೊಡಬೇಕಾದ್ದು ಏನೂ ಇಲ್ಲ. ನನ್ನದು ಮಕ್ಕಳ ಕೆಲಸ. ಕಷ್ಟಕ್ಕೆ ಸಿಕ್ಕಿದ ಮನೆಗಳಿಗೆ ಹೋಗಿ, ಮಗು ಶಾಲೆಗೆ ಹೋಗ್ತಾ ಇದೆಯೇ, ಹೊಟ್ಟೆ ತುಂಬ ಉಣ್ತಾ ಇದೆಯೇ, ಏಟು ತಿನ್ತಾ ಇದೆಯೇ ಅಂತ ನೋಡುವುದು. ಆ ಮನೆ ಮುರಿಯದ ಹಾಗೆ ಏನು ಆಸರೆ ಕೊಡಿಸಬಹುದು ಅಂತ ಕಚೇರಿಯಿಂದ ಕಚೇರಿಗೆ ಓಡಾಡುವುದು. ಇಂಥವರಿಗೆ ರೈತರ ಸಭೆಯಲ್ಲಿ ಏನು ಕೆಲಸ ಅಂತ ನೀವು ಕೇಳಬಹುದು. ಕೆಲಸ ಇದೆ. ಸಾಲ ಮನೆಯೊಳಕ್ಕೆ ಬಂದರೆ ಮೊದಲು ಏರಿ ಕೂರುವುದು ಮಗುವಿನ ಹೆಗಲ ಮೇಲೆ.

ನಮ್ಮ ಸೀಮೆಯ ಲೆಕ್ಕವನ್ನೇ ತೆಗೆದುಕೊಳ್ಳಿ. ಅರಸೀಕೆರೆ, ತಿಪಟೂರು ಕಡೆ ತೆಂಗೇ ಬದುಕು. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಉಂಡೆ ಕೊಬ್ಬರಿಯಾಗಿ ಕೈಗೆ ಬರುವುದಕ್ಕೆ ಹತ್ತಿರ ಹತ್ತಿರ ಒಂದು ವರ್ಷ. ಅಷ್ಟು ದಿನ ಮನೆ ನಡೆಯುವುದು ಕೈಸಾಲದಲ್ಲಿ. 2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಿಸಿತು. ಮಾರುಕಟ್ಟೆಯಲ್ಲಿ ಬೆಲೆ ಅದಕ್ಕಿಂತ ಸಾವಿರಾರು ರೂಪಾಯಿ ಕೆಳಕ್ಕೆ ಬಿತ್ತು. ಅಂಥ ವರ್ಷ ಮನೆಯ ಯಜಮಾನ ಎಲ್ಲಿ ಕಡಿತ ಮಾಡಬೇಕು? ಬಡ್ಡಿ ಕಡಿಮೆ ಆಗುವುದಿಲ್ಲ. ಗೊಬ್ಬರದಂಗಡಿಯವರು ಬಿಡುವುದಿಲ್ಲ. ಬಾಯಿಲ್ಲದ ಬಾಬ್ತು ಒಂದೇ, ಮಕ್ಕಳು.

ಮೊದಲು ಹುಡುಗ ಕಾಯಿ ಸುಲಿಯುವ ದಿನ ಶಾಲೆ ತಪ್ಪಿಸುತ್ತಾನೆ. ಆಮೇಲೆ ಕೂಲಿಗೆ ಬೇರೆಯವರ ತೋಟಕ್ಕೆ ಹೋಗುತ್ತಾನೆ. ಆಮೇಲೆ ಶಾಲೆಯೇ ಇಲ್ಲ. ಹುಡುಗಿಯದಾದರೆ, ದೊಡ್ಡವಳ ಮದುವೆಯ ಚಪ್ಪರದಲ್ಲೇ ಚಿಕ್ಕವಳದ್ದೂ ಆಗಿಹೋಗಲಿ, ಒಂದೇ ಖರ್ಚು ಅಂತಾರೆ. ಚಿಕ್ಕವಳಿಗೆ ಹದಿನೈದೋ ಹದಿನಾರೋ. 2025ರಲ್ಲಿ ಕೊಬ್ಬರಿ ಇಪ್ಪತ್ತು ಸಾವಿರ ದಾಟಿತು, ಎಲ್ಲರಿಗೂ ಸಂತೋಷ. ಆದರೆ 2023ರಲ್ಲಿ ಎಂಟನೇ ತರಗತಿ ಬಿಟ್ಟ ಹುಡುಗ, ಆ ಚಪ್ಪರದಲ್ಲಿ ತಾಳಿ ಕಟ್ಟಿಸಿಕೊಂಡ ಹುಡುಗಿ ಆ ಬೆಲೆಯ ಜೊತೆ ವಾಪಸು ಬರುತ್ತಾರೆಯೇ? ಬೆಲೆ ಬೀಳುತ್ತದೆ, ಏಳುತ್ತದೆ. ಮಗುವಿನ ವಯಸ್ಸು ಹಾಗಲ್ಲ.

1980ರ ದಶಕ ನೆನಪಿಸಿಕೊಳ್ಳಿ. ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ಕಾಲದಲ್ಲಿ, ಸಾಲಕ್ಕೆ ಜಪ್ತಿಯಾದ ಸಾಮಾನನ್ನು ರೈತರು ಮರುಜಪ್ತಿ ಮಾಡಿ ಮನೆಗೆ ತಂದರು. ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದು ಅಂತ ಬೋರ್ಡು ಹಾಕಿದರು. ರೈತನ ಮಾನ ಉಳಿಸಿದ ಚಳವಳಿ ಅದು. ಆದರೆ ಮಗುವಿನ ಜಪ್ತಿಗೆ ಅಮೀನ ಬರುವುದಿಲ್ಲ, ನೋಟೀಸು ಬರುವುದಿಲ್ಲ. ಕೊಡುವವರೂ ನಾವೇ, ಕೆಲಸಕ್ಕೆ ಇಟ್ಟುಕೊಳ್ಳುವವರೂ ನಾವೇ, ಮದುವೆಗೆ ಹೋಗಿ ಅಕ್ಷತೆ ಹಾಕುವವರೂ ನಾವೇ. ಕಟುವಾಗಿ ಕಂಡರೂ ಈ ಮಾತನ್ನು ಜಮೀನಿರುವವರ ಮುಂದೆಯೇ ಆಡಬೇಕು.

ಮಗುವಿನ ದುಡಿಮೆಯನ್ನು ಒತ್ತೆ ಇಡುವ ಕರಾರು ನಡೆಯದು ಅಂತ 1933ರಲ್ಲೇ ಕಾನೂನು ಬಂತು. 1976ರಲ್ಲಿ ಜೀತ ನಿರ್ಮೂಲನೆಯ ಕಾಯ್ದೆ ಬಂತು. 2016ರ ತಿದ್ದುಪಡಿಯಾದ ಮೇಲೆ ಹದಿನಾಲ್ಕು ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ ಸ್ವಂತ ಮನೆಯವರಿಗೆ ಕೈಜೋಡಿಸುವುದು ಬೇರೆ ಮಾತು. ಬಾಲ್ಯವಿವಾಹ ನಮ್ಮ ರಾಜ್ಯದಲ್ಲಿ ಮೊದಲಿಂದಲೇ ಅಸಿಂಧು. ನಡೆಸಿದವರಿಗೆ, ಹೋಗಿ ಊಟ ಮಾಡಿ ಬಂದವರಿಗೂ ಶಿಕ್ಷೆ ಉಂಟು.

ನಮ್ಮಂಥವರು ಬಾಗಿಲಿಗೆ ಬಂದರೆ, 'ಮಕ್ಕಳನ್ನು ಎತ್ತಿಕೊಂಡು ಹೋಗ್ತಾರೆ' ಅಂತ ಮನೆಯವರು ಹೆದರುತ್ತಾರೆ. ಕಾನೂನು ಹೇಳುವುದು ಬೇರೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಸಾಕುವ ಮೊದಲ ಹೊಣೆ ಹೆತ್ತವರದು. ಬಾಲಮಂದಿರ ಕಟ್ಟಕಡೆಯ ದಾರಿ. ಬಡತನವೊಂದನ್ನೇ ಕಾರಣ ಮಾಡಿ ಮಗುವನ್ನು ಮನೆಯಿಂದ ಬಿಡಿಸಬಾರದು ಅಂತ 2009ರಲ್ಲಿ ವಿಶ್ವಸಂಸ್ಥೆಯೂ ಹೇಳಿದೆ. ಹೊಡೆತ, ಹಿಂಸೆ, ಮಗುವಿನ ಜೀವಕ್ಕೇ ಅಪಾಯ ಅಂತಿದ್ದರೆ ಮಾತ್ರ ಬೇರೆ ಯೋಚನೆ. ಅದನ್ನೂ ನಾನೊಬ್ಬನೇ ತೀರ್ಮಾನಿಸುವುದಲ್ಲ. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನಿಸಬೇಕು.

ಹಾಗಾದರೆ ನಾವು ಬಂದು ಮಾಡುವುದೇನು? ಶಾಲೆಯ ಹಾಜರಿ ನೋಡುತ್ತೇವೆ, ಅಂಗನವಾಡಿಯಲ್ಲಿ ಕೇಳುತ್ತೇವೆ, ಯಾರಿಗೆ ಎಷ್ಟು ಸಾಲ ಅಂತ ಕೂತು ಬರೆದುಕೊಳ್ಳುತ್ತೇವೆ. ಗಂಡ ಸತ್ತ ತಾಯಿಗೆ ಪಿಂಚಣಿ, ಓದುವವರಿಗೆ ಹಾಸ್ಟೆಲ್, ಕುಡಿತಕ್ಕೆ ಬಿದ್ದವರಿಗೆ ಚಿಕಿತ್ಸೆ, ಹೀಗೆ ದಾರಿ ಹುಡುಕುತ್ತೇವೆ. ತಂದೆ ಇಲ್ಲದ, ಹೆತ್ತವರು ದೊಡ್ಡ ಕಾಯಿಲೆಗೆ ಬಿದ್ದ ಮನೆಯ ಮಗುವಿಗೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಇದೆ. ಮಗು ಮನೆಯಲ್ಲೇ ಇದ್ದು ಓದಲಿ ಅಂತ ಕೊಡುವ ಹಣ ಅದು. ಹಳ್ಳಿಯಲ್ಲಿ ಮನೆಯ ವರಮಾನ ವರ್ಷಕ್ಕೆ 72,000 ದಾಟಬಾರದು. ತೊಡಕು ಇಲ್ಲೇ. ಪಹಣಿಯಲ್ಲಿ ಮೂರು ಎಕರೆ ತೋಟ ಕಾಣುತ್ತದೆ, ಕೈಸಾಲ ಕಾಣುವುದಿಲ್ಲ. 'ಜಮೀನ್ದಾರರ ಮನೆ, ಅರ್ಜಿ ಹಾಕುವುದೇ' ಅನ್ನುವ ಮರ್ಯಾದೆಯೂ ಅಡ್ಡ ಬರುತ್ತದೆ. ತೋಟ ಒಣಗಿ ವರಮಾನ ನಿಜವಾಗಿ ಕುಸಿದಿದ್ದರೆ, ನಾಡಕಚೇರಿಗೆ ಹೋಗಿ ನಿಜವಾದ ವರಮಾನ ಬರೆಸಿ. ಅದು ಭಿಕ್ಷೆಯಲ್ಲ, ಮಗುವಿನ ಹಕ್ಕು.

ಈ ಸಭೆಯನ್ನು ನಾನು ಕೇಳಿಕೊಳ್ಳುವುದು ಮೂರೇ ಮಾತು.

ಒಂದು, ಸಂಘದ ಸಭೆಯಲ್ಲಿ ಯಾರ ಸಾಲ ಎಷ್ಟು ಅಂತ ಕೇಳುವಾಗ, ಆ ಮನೆಯ ಮಕ್ಕಳು ಶಾಲೆಯಲ್ಲಿದ್ದಾರೆಯೇ ಅಂತಲೂ ಕೇಳಿ. ಹದಿನೈದು ದಿನ ಕಾಣದ ಮಗು ಅಂದರೆ ಆ ಮನೆಗೆ ಏನೋ ಆಗಿದೆ. ಜಪ್ತಿಗೆ ಮುಂಚೆ ಬರುವ ನೋಟೀಸು ಅದೇ.

ಎರಡು, ಇನ್ನೊಬ್ಬರ ಮಗುವನ್ನು ನಿಮ್ಮ ತೋಟಕ್ಕೆ, ಕುರಿಗೆ ಇಟ್ಟುಕೊಳ್ಳಬೇಡಿ. ಅವರಪ್ಪನಿಗೆ ಕೊಟ್ಟ ಮುಂಗಡ ಅವರಪ್ಪನ ಹತ್ತಿರವೇ ತೀರಲಿ. ವಸೂಲಿಗೆ ಬಂದವರು ಮನೆಯ ಹೆಂಗಸರನ್ನು, ಮಕ್ಕಳನ್ನು ಹೆದರಿಸಿದರೆ, ಕಿರುಸಾಲದ ಕಿರುಕುಳ ತಡೆಯಲು 2025ರಲ್ಲಿ ಬಂದ ರಾಜ್ಯದ ಕಾನೂನು ಇದೆ. ಹತ್ತು ವರ್ಷದವರೆಗೆ ಸಜೆ. ಠಾಣೆಗೆ ಸಂಘದವರೂ ಜೊತೆಗೆ ಹೋಗಿ.

ಮೂರು, 1098 ಅನ್ನುವ ನಂಬರು ಮನೆ ಗೋಡೆಗೆ ಬರೆದಿಡಿ. ಹಗಲು ರಾತ್ರಿ ಯಾರು ಬೇಕಾದರೂ ಮಾಡಬಹುದು, ಮಗುವೇ ಮಾಡಬಹುದು, ದುಡ್ಡು ಬೀಳುವುದಿಲ್ಲ. ಎಳೆಯ ಹುಡುಗಿಯ ಮದುವೆ ನಿಶ್ಚಯವಾದ ಸುದ್ದಿ ಬಂದರೆ ಪಂಚಾಯಿತಿಯ ಪಿಡಿಒ ಅವರಿಗೂ ಹೇಳಿ, ಚಪ್ಪರ ಹಾಕುವ ಮುಂಚೆ ಹೇಳಿ. ಚಪ್ಪರ ಬಿದ್ದ ಮೇಲೆ ಹೇಳಿದರೆ ಆ ಮನೆಗೆ ಸಾಲವೂ ಉಳಿಯುತ್ತದೆ, ಅವಮಾನವೂ ಉಳಿಯುತ್ತದೆ.

ಬೆಲೆಗಾಗಿ ಹೋರಾಡಿ, ಬಿಡಬೇಡಿ. ಬೆಲೆ ಸಿಕ್ಕರೆ ನಮ್ಮ ಕೆಲಸ ಅರ್ಧ ಕಡಿಮೆಯಾಗುತ್ತದೆ. ಅದು ಸಿಗುವ ತನಕ, ಸೋತ ಮನೆಯ ಮಗುವಿಗೆ ಊರು ಕಾವಲಿರಲಿ.