ಮನೆಯಲ್ಲಿ ಇಲಿಯ ಸುಳಿವು



ಮನೆಗೆ ಇಲಿ ಬಂದಿದೆಯೆಂಬುದು ನಮಗೆ ಸಾಮಾನ್ಯವಾಗಿ ತಿಳಿಯುವುದು ಅದನ್ನು ಕಂಡಲ್ಲ, ಅದು ಬಿಟ್ಟುಹೋದ ಗುರುತುಗಳನ್ನು ಕಂಡು. ಇಲಿ ರಾತ್ರಿ ಸಂಚಾರಿ. ಆದ್ದರಿಂದ ಅಂಗಡಿಗೆ ಓಡಿ ಪಾಷಾಣ ತರುವ ಮೊದಲು ಆ ಗುರುತುಗಳನ್ನು ಓದಲು ಕಲಿಯಬೇಕು.

ಮೊದಲು ಹಿಕ್ಕೆಯನ್ನು ನೋಡಿ. ಡಬ್ಬಿಗಳ ಹಿಂದೆ ಜೀರಿಗೆಯಷ್ಟು ಗಾತ್ರದ, ತುದಿ ಚೂಪಾದ ಕಪ್ಪು ಹಿಕ್ಕೆ ಬಿದ್ದಿದ್ದರೆ ಅದು ಚಿಟ್ಟಿಲಿಯದು. ಒಂದು ಸೆಂಟಿಮೀಟರಿಗಿಂತ ಉದ್ದವಾಗಿದ್ದರೆ ದೊಡ್ಡ ಇಲಿಯದೋ ಹೆಗ್ಗಣದ್ದೋ ಇರಬೇಕು. ತುದಿಯಲ್ಲಿ ಬಿಳಿ ಚುಕ್ಕೆ ಇದ್ದರೆ ಇಲಿಯನ್ನು ದೂರಬೇಡಿ, ಅದು ಹಲ್ಲಿಯ ಕೆಲಸ! ಕಡ್ಡಿಯಿಂದ ಒತ್ತಿ ನೋಡಿ: ಹೊಸದು ಮೆತ್ತಗೆ ಹೊಳೆಯುತ್ತದೆ, ಹಳೆಯದು ಬೂದುಬಣ್ಣಕ್ಕೆ ತಿರುಗಿ ಪುಡಿಯಾಗುತ್ತದೆ.

ಎರಡನೆಯದು ಹಲ್ಲಿನ ಗುರುತು. ಇಲಿಯ ಬಾಚಿಹಲ್ಲುಗಳು ಜೀವಮಾನವಿಡೀ ಬೆಳೆಯುತ್ತವೆ. ಕಡಿದು ಸವೆಸದಿದ್ದರೆ ಅದಕ್ಕೆ ಉಳಿವಿಲ್ಲ. ಅಕ್ಕಿ ಚೀಲ, ಸೋಪು, ನಿಮ್ಮ ಪಠ್ಯಪುಸ್ತಕ ಹೋದರೆ ಹೋಗಲಿ. ವಿದ್ಯುತ್ ತಂತಿಯ ಹೊದಿಕೆಯನ್ನೂ ಅಡುಗೆ ಅನಿಲದ ಕೊಳವೆಯನ್ನೂ ಕಡಿದರೆ ಪ್ರಾಣಕ್ಕೇ ಅಪಾಯ. ಇವೆರಡನ್ನು ಇಂದೇ ಪರೀಕ್ಷಿಸಿ. ಹಳೆಯ ಸಾದಾ ರಬ್ಬರ್ ಕೊಳವೆ ಇದ್ದರೆ, ಒಳಗೆ ಉಕ್ಕಿನ ತಂತಿ ಹೆಣೆದ ಕೊಳವೆಯನ್ನು ಹಾಕಿಸುವಂತೆ ಮನೆಯವರಿಗೆ ಹೇಳಿ.

ಇನ್ನು ಇಲಿಯ ದಾರಿ. ಇಲಿಯ ದೃಷ್ಟಿ ಮಂದ. ಮೀಸೆಯನ್ನು ಗೋಡೆಗೆ ತಾಗಿಸಿಕೊಂಡು, ಬಹುತೇಕ ಒಂದೇ ಜಾಡಿನಲ್ಲಿ ಓಡಾಡುತ್ತದೆ. ಮಲಗುವ ಮುನ್ನ ಗೋಡೆಯಂಚಿಗೆ ರಂಗೋಲಿ ಪುಡಿಯನ್ನು ತೆಳುವಾಗಿ ಉದುರಿಸಿ, ಬೆಳಿಗ್ಗೆ ನೋಡಿ. ಮುಂಗಾಲಿನ 4 ಬೆರಳು, ಹಿಂಗಾಲಿನ 5 ಬೆರಳು, ನಡುವೆ ಬಾಲ ಎಳೆದ ಗೆರೆ ಕಾಣಬಹುದು. ಪ್ರಾಣಿಶಾಸ್ತ್ರ ಓದುವವರಿಗೆ ಇದೊಂದು ಖರ್ಚಿಲ್ಲದ ಪ್ರಯೋಗ. ಬೋನನ್ನು ಆ ದಾರಿಯಲ್ಲೇ ಇಡಬೇಕು. ಕೋಣೆಯ ನಡುವೆ ಇಟ್ಟು ವಡೆ ಸಿಕ್ಕಿಸಿದರೆ ವಡೆ ಹಳಸುವುದೇ ಹೆಚ್ಚು. ಬಿದ್ದ ಇಲಿಯನ್ನು ಪಕ್ಕದ ಮನೆಯ ಕಾಂಪೌಂಡಿಗೆ ಬಿಡುವ ರೂಢಿಯೂ ನಮ್ಮಲ್ಲುಂಟು. ಅದು ನಿಮಗಿಂತ ಮೊದಲೇ ಮನೆ ಸೇರೀತು.

ಮುಂದಿನ ತಿಂಗಳು ನೋಡಿಕೊಳ್ಳೋಣ ಎನ್ನುವಂತಿಲ್ಲ. ಚಿಟ್ಟಿಲಿಯ ಗರ್ಭಾವಧಿ ಸುಮಾರು 20 ದಿನ. ಒಂದು ಸೂಲಿಗೆ ಐದಾರು ಮರಿಗಳು, ಕೆಲವೊಮ್ಮೆ ಹೆಚ್ಚು. ಆ ಮರಿಗಳೂ ಒಂದೂವರೆ ತಿಂಗಳಲ್ಲಿ ಮರಿಹಾಕಲು ಸಿದ್ಧ.

ಹಿಕ್ಕೆಯನ್ನು ಒಣ ಪೊರಕೆಯಿಂದ ಗುಡಿಸಬೇಡಿ. ಧೂಳಿನೊಡನೆ ರೋಗಾಣುಗಳು ಮೂಗಿಗೆ ಸೇರಬಹುದು. ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ, ಐದು ನಿಮಿಷ ಬಿಟ್ಟು, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಕಾಗದದಿಂದ ಒರೆಸಿ ತೆಗೆಯಿರಿ. ಲೆಪ್ಟೋಸ್ಪೈರೋಸಿಸ್ ಎಂಬ ಇಲಿಜ್ವರ ಹರಡುವುದು ಇಲಿ, ಹೆಗ್ಗಣಗಳ ಮೂತ್ರದಿಂದ. ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲ ಬಂತೆಂದರೆ ಇದರ ಭಯವಿದೆ. ಕಾಲಿನಲ್ಲಿ ಗಾಯವಿರುವವರು ನಿಂತ ನೀರಿನಲ್ಲಿ ಬರಿಗಾಲಲ್ಲಿ ನಡೆಯಬಾರದು. ಬೇಗ ವೈದ್ಯರನ್ನು ಕಂಡರೆ ಔಷಧವುಂಟು.

ಪಾಷಾಣದ ಮಾತು ಬೇರೆ. ಹಳದಿ ರಂಜಕವಿರುವ ಇಲಿಪಾಷಾಣ ಮನುಷ್ಯನ ಯಕೃತ್ತನ್ನೇ ಕೆಡಿಸುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಅಂಥದು ಮಕ್ಕಳಿರುವ ಮನೆಯೊಳಗೆ ಬರಲೇಕೂಡದು.

ಕೊನೆಗೆ ಕಿಂಡಿಗಳು. ಪೆನ್ಸಿಲ್ ತೂರುವಷ್ಟು ರಂಧ್ರ ಸಾಕು, ಚಿಟ್ಟಿಲಿ ಒಳಗೆ ನುಸುಳುತ್ತದೆ. ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ಅದರಲ್ಲಿ ತುರುಕಿ, ಮೇಲೆ ಸಿಮೆಂಟು ಮೆತ್ತಿ. ಬಚ್ಚಲಿನ ತೂಬಿಗೆ ಜಾಲರಿ ಹಾಕಿಸಿ.